ಮೂಗು ಹಿಡಿಯದೆ ಹಾರಿದವರು

ಬೊಮ್ಮಪ್ಪ ಸರ್ ತರಗತಿಗೆ ಬರುವ ಮೊದಲು ಅವರ ಮೂಗು ಬರುತ್ತಿತ್ತು. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ನಾನು ಇದನ್ನು ದಿನಾ ಕಣ್ಣಾರೆ ಕಂಡವಳು. ಮೊದಲು ಮೂಗಿನ ತುದಿ, ಆಮೇಲೆ ಅದರ ದಿಬ್ಬ, ದಿಬ್ಬದ ಮೇಲೆ ಗಟ್ಟಿಯಾಗಿ ಕೂತ ಕನ್ನಡಕ, ಕೊನೆಗೆ ಸರ್. ಇಡೀ ಶಾಲೆ ಅವರನ್ನು ಹಿಂದಿನಿಂದ ಗರುಡ ಸರ್ ಎಂದೇ ಕರೆಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು. "ದೇವರು ನನಗ ಕೂದಲಾ ಕೊಡೋವಾಗ ಕೈ ಬಿಗಿ ಹಿಡದಾನ. ಮೂಗು ಕೊಡೋವಾಗ ಮಾತ್ರ ಚೀಲಾನ ಸುರುವ್ಯಾನ" ಎಂದು ತಾವೇ ಮೊದಲು ನಗುತ್ತಿದ್ದರು.

ಅವರು ಗುಡೇಕೋಟೆಯ ಕಡೆಯವರು. ಕಲ್ಲುಗುಡ್ಡ, ಕುರುಚಲು ಕಾಡು, ಕರಡಿಗಳ ಸೀಮೆ. ಚಿಗಟೇರಿ ಹತ್ತಿರದ ನಮ್ಮೂರ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದು, ಇಲ್ಲಿಯೇ ಬಾಡಿಗೆ ಮನೆ ಮಾಡಿ ನಿಂತುಬಿಟ್ಟಿದ್ದರು. ಹೃದಯ, ಶ್ವಾಸಕೋಶ, ಜಠರ ಎಲ್ಲವನ್ನೂ ಪಠ್ಯದಲ್ಲಿ ಇದ್ದಷ್ಟು ಹೇಳಿ ಮುಗಿಸುತ್ತಿದ್ದರು. ಮೂಗಿಗೆ ಬಂದರೆ ಮಾತ್ರ ಪುಸ್ತಕ ಮಡಚಿ ಇಡುತ್ತಿದ್ದರು.

ಅವರ ಮೂಗಿನ ಜ್ಞಾನ ನನಗೆ ಮೊದಲು ದಕ್ಕಿದ್ದು ಒಂಬತ್ತನೆಯ ತರಗತಿಯಲ್ಲಿ. ಗಣಿತದಲ್ಲಿ ಕಡಿಮೆ ಅಂಕ ಬಂದಿತ್ತು. ವರಾಂಡದ ಕಂಬಕ್ಕೆ ಒರಗಿ ಅಳುತ್ತಿದ್ದೆ. ಸರ್ ಬಂದು ಹೆಗಲ ಮೇಲಿನ ಟವೆಲ್ ಕೊಟ್ಟರು.

"ಅಳವಾ ಶಾಂತಾ, ಅಳು. ಆದ್ರ ಅಳುವಾಗ ಮೂಗು ಯಾಕ ಸೋರತೈತಿ, ಅದನ್ನ ಮೊದ್ಲು ಹೇಳು."

ನಾನು ಅಳು ಮರೆತು ಯೋಚನೆಗೆ ಬಿದ್ದೆ.

"ಕಣ್ಣಿನ ಮೂಲ್ಯಾಗ ಒಂದು ಸಣ್ಣ ತೂತೈತಿ. ಅಲ್ಲಿಂದ ಮೂಗಿಗೆ ಒಂದು ಕಾಲುವಿ. ಕಣ್ಣೀರು ಎಲ್ಲಾ ಗಲ್ಲದ ಮ್ಯಾಲ ಹರಿಯಂಗಿಲ್ಲ, ಒಂದಿಷ್ಟು ಒಳಗ ಇಳಿತೈತಿ. ಈಗ ನಿನ್ನ ಮೂಗಿನಾಗ ಇರೋದು ನೆಗಡಿ ಅಲ್ಲ, ಗಣಿತ."

ಅತ್ತ ಮುಖದಲ್ಲೇ ನಕ್ಕುಬಿಟ್ಟೆ. ಟವೆಲನ್ನು ಒಗೆದು ತಂದುಕೊಡು ಎಂದು ಹೇಳಿ ಹೋದರು.

ಅವರ ದೊಡ್ಡ ಪಾಠ ಬೇರೆಯೇ ಇತ್ತು. ವರ್ಷಕ್ಕೊಮ್ಮೆ ಅದು ನಡೆಯುತ್ತಿತ್ತು, ಅದನ್ನು ನೋಡಲು ಬೇರೆ ತರಗತಿಯ ಹುಡುಗರು ಕಿಟಕಿಗೆ ಜೋತುಬೀಳುತ್ತಿದ್ದರು. ಮೇಜಿನ ಮೇಲೆ ಒಂದು ಬಕೆಟ್ ನೀರು, ಒಂದು ಚೊಂಬು, ಮಣ್ಣಿನಲ್ಲಿ ಮಾಡಿದ ಎರಡು ಮುಖ. ಒಂದು ಚಿಂಪಾಂಜಿಯದು, ಚಪ್ಪಟೆ ಮೂಗು, ಹೊಳ್ಳೆಗಳು ಎದುರಿಗೆ ತೆರೆದಿದ್ದವು. ಇನ್ನೊಂದು ಮನುಷ್ಯನದು. ಅದರ ಮೂಗು ನೋಡಿದ ಕೂಡಲೇ ಯಾರನ್ನು ನೋಡಿ ಮಾಡಿದ್ದು ಅಂತ ಯಾರೂ ಹೇಳಬೇಕಿರಲಿಲ್ಲ.

"ನೋಡ್ರಿ, ಮಂಗ್ಯಾಗ ಹೊಳ್ಳಿ ಮುಂದಕ್ಕದಾವು, ನಮಗ ಕೆಳಕ್ಕದಾವು. ಮ್ಯಾಲೊಂದು ಛಾವಣಿ ಬ್ಯಾರೆ. ಯಾಕ? ನಮ್ಮ ಗುಡೇಕೋಟಿ ಕರಡಿ ಗೆದ್ದಲು ತಿನ್ನೋವಾಗ ತನ್ನ ಹೊಳ್ಳಿ ತಾನ ಮುಚ್ಚಿಗೊಂತೈತಿ. ನಮಗ ಮುಚ್ಚಾಕ ಬರಂಗಿಲ್ಲ. ಅದಕ್ಕ ಛಾವಣಿ ಕೊಟ್ಟೈತಿ."

ಚೊಂಬನ್ನು ಬೋರಲು ಹಾಕಿ ನೀರಿಗೆ ಒತ್ತುತ್ತಿದ್ದರು. ಒಳಗಿನ ಗಾಳಿ ಹೊರಬಾರದೆ ನೀರು ಒಳಗೆ ಹೋಗುತ್ತಿರಲಿಲ್ಲ. ಕೆಳಕ್ಕೆ ತೆರೆದ ನಮ್ಮ ಮೂಗೂ ಹೀಗೇ ಎನ್ನುತ್ತಿದ್ದರು. ನಮ್ಮ ಹಿರೀಕರ ಹಿರೀಕರು ಬಹಳ ಕಾಲ ನೀರಿನ ದಂಡೆಯಲ್ಲಿ ಮುಳುಗಿ ಏಳುತ್ತಾ ಬದುಕಿದ್ದರು, ಆಗ ಈ ಮೂಗು ಹೀಗಾಯಿತು ಎಂದು ಕೆಲವರು ಊಹಿಸಿದ್ದಾರೆ ಎಂದು ವಿವರಿಸುತ್ತಿದ್ದರು. "ಬಾಳ ಮಂದಿ ವಿಜ್ಞಾನಿಗಳು ಒಪ್ಪಂಗಿಲ್ಲ. ಒಣಗಾಳಿ ಹಸಿ ಮಾಡಿ ಒಳಗ ಬಿಡಾಕ ಈ ಮೂಗು ಅಂತಾರ. ಅದೂ ಇರಬಹುದು. ಆದ್ರ ನನಗ ನೀರಿನ ಕಥಿ ಮ್ಯಾಲ ಜೀವ" ಎನ್ನುತ್ತಿದ್ದರು.

ಹತ್ತನೆಯ ತರಗತಿಯಲ್ಲಿ ಈ ಪಾಠ ನಡೆಯುತ್ತಿದ್ದಾಗ ನಾನು ಎದ್ದು ನಿಂತೆ. ಅಪ್ಪನ ಬಾವಿಯಲ್ಲಿ ಈಜು ಕಲಿತವಳು ನಾನು. ನಾವೆಲ್ಲ ಬಾವಿಗೆ ಹಾರುವಾಗ ಮೂಗು ಹಿಡಿದುಕೊಂಡೇ ಹಾರುತ್ತಿದ್ದೆವು.

"ಸರ್, ಛಾವಣಿ ಇದ್ರೆ ನಾವ್ಯಾಕೆ ಮೂಗು ಹಿಡೀಬೇಕು? ನೀವು ನೀರಿಗೆ ಇಳಿದು ನೋಡೀರೇನ್ರಿ?"

ಸರ್ ಕನ್ನಡಕ ತೆಗೆದು ಒರೆಸಿದರು. "ಇಲ್ಲವಾ. ನಮ್ಮೂರಾಗ ಕುಡಿಯಾಕ ನೀರು ಸಿಕ್ರ ಸಾಕಾಗಿತ್ತು. ಈಜಾಕ ಎಲ್ಲಿಂದ ತರೋದು?"

ಎಲ್ಲರೂ ನಕ್ಕೆವು. ಸರ್ ನಗಲಿಲ್ಲ. ಮಣ್ಣಿನ ಮುಖಗಳನ್ನು ಎತ್ತಿ ಬೀರುವಿನ ಮೇಲಿಟ್ಟರು. "ನೋಡದ ಹೇಳೀನಿ. ಇನ್ನ ನೋಡೋ ತನಕ ಹೇಳಂಗಿಲ್ಲ" ಅಂದರು. ನಿವೃತ್ತಿಗೆ ಅವರಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಜೀವ ಇಟ್ಟುಕೊಂಡಿದ್ದ ಒಂದೇ ಪಾಠವನ್ನು ನಿಲ್ಲಿಸಿ ಮನೆಗೆ ಹೋಗುತ್ತಾರಲ್ಲ ಎಂದು ಹುಡುಗರೆಲ್ಲ ನನ್ನ ಮೇಲೆ ಹರಿಹಾಯ್ದರು. ಪುಕ್ಕಟೆ ಆಟವೊಂದು ನಿಂತುಹೋಗಿತ್ತಲ್ಲ!

ಅಪ್ಪನಿಗೆ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕು, ಮರುದಿನವೇ ಶಾಲೆಗೆ ಬಂದು ಸರ್‌ಗೆ ಕೈಮುಗಿದ. "ನಮ್ಮ ಎಮ್ಮೆನೇ ಈಜ್ತತೆ, ನಿಮಗೇನ್ ಸರ್? ಬೋರಿನ ನೀರು ಬಿಟ್ಟು ಬಾವಿ ತುಂಬಿಸಿಟ್ಟೀನಿ. ಬರ್ರಿ."

ಆ ಬೇಸಿಗೆಯ ಭಾನುವಾರಗಳನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದು ನಗುತ್ತೇನೆ. ಸರ್ ಅವರ ಪಟ್ಟೆಪಟ್ಟೆ ಚಡ್ಡಿ, ಬನಿಯನ್, ದಾರ ಕಟ್ಟಿ ಕಿವಿಗೆ ಬಿಗಿದ ಕನ್ನಡಕ, ಬೆನ್ನಿಗೆ ಒಣಗಿದ ಕತ್ತಾಳೆಯ ಬೆಂಡು. ಅಪ್ಪ ಬೆಂಡು ಕಟ್ಟುತ್ತಿದ್ದ, ನಾನು ಕೈಕಾಲು ಬಡಿಯುವುದನ್ನು ಹೇಳಿಕೊಡುತ್ತಿದ್ದೆ. "ಜಾತ್ರಿಗೆ ಬಂದಂಗ ಗದ್ದಲಾ ಮಾಡಬ್ಯಾಡ್ರೋ, ಸುಮ್ಮನ ನೋಡ್ರಿ" ಎಂದು ಸರ್ ಮೆಟ್ಟಿಲ ಮೇಲೆ ಗುಂಪುಗೂಡಿದ ಹುಡುಗರನ್ನು ಗದರುತ್ತಿದ್ದರು. ತೇಲುವುದು ಬಂದ ಮೇಲೆ ಒಂದು ದಿನ ಪರೀಕ್ಷೆಗೆ ನಿಂತರು.

"ಮೂಗು ಹಿಡ್ಕೊಂಡು ಹಾರ್ರಿ ಸರ್."

"ಹಿಡದ್ರ ಪಾಠ ಕೆಡತೈತಿ."

ಕಾಲು ಮುಂದು ಮಾಡಿ ಧುಡುಮ್ಮನೆ ಹಾರಿದರು. ಮೇಲೆ ಬಂದಾಗ ಕೆಮ್ಮು, ಸೀನು, ಕಣ್ಣೆಲ್ಲ ಕೆಂಪು. ಅಪ್ಪ ರಟ್ಟೆ ಹಿಡಿದು ಮೆಟ್ಟಿಲಿಗೆ ಎಳೆದ. ಉಸಿರು ಬಂದ ಕೂಡಲೇ ಸರ್ ಹೇಳಿದ್ದು ಇಷ್ಟೇ: "ಹೋತು. ನೀರು ಹೋತು. ನೆತ್ತಿಗೇ ಏರಿತು."

ಟವೆಲ್ ಹೊದ್ದು ಮೆಟ್ಟಿಲ ಮೇಲೆ ಕೂತರು. ಅವರು ಅಷ್ಟು ಸಪ್ಪಗಾಗಿದ್ದನ್ನು ನಾನು ನೋಡಿರಲಿಲ್ಲ. ನನಗೆ ಸಂಕಟವಾಯಿತು. ಹುಡುಗರಿಗೆ ಅದೆಲ್ಲ ಎಲ್ಲಿ? ಮತ್ತೆ ಹಾರುವುದಕ್ಕೆ ಶುರು ಹಚ್ಚಿಕೊಂಡರು. ಸರ್ ನೋಡುತ್ತಾ ನೋಡುತ್ತಾ ಕತ್ತು ಉದ್ದ ಮಾಡಿದರು. ಆಮೇಲೆ ಎದ್ದೇ ನಿಂತರು. ಕಾಲು ಮುಂದು ಮಾಡಿ ಹಾರುವವರೆಲ್ಲ ಮೂಗು ಹಿಡಿದಿದ್ದರು. ತಲೆ ಮುಂದು ಮಾಡಿ ಹಾರುವವರ ಎರಡೂ ಕೈ ಮುಂದಕ್ಕೆ ಚಾಚಿದ್ದವು, ಮೂಗು ಹಿಡಿಯಲು ಅವರಿಗೆ ಕೈಯೇ ಇರಲಿಲ್ಲ.

"ಲೇ, ಮೂಗಿಗೆ ನೀರು ಹೋತೇನೋ?"

"ಇಲ್ರಿ ಸರ್, ಹಿಂಗೆ ಹಾರಿದ್ರೆ ಹೋಗಲ್ಲ."

ಸರ್ ನನ್ನ ಕಡೆ ತಿರುಗಿದರು. ಟವೆಲ್ ಕೆಳಗೆ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ. "ಶಾಂತಾ! ಬಾಗಿಲು ಕೆಳಗೈತಿ. ಕಾಲು ಮುಂದಾದ್ರ ನೀರು ಬಂದು ಬಾಗಿಲಿಗೇ ಬಡೀತೈತಿ. ತಲಿ ಮುಂದಾದ್ರ ಛಾವಣಿ ಮ್ಯಾಲ ಹರಿದು ಹಿಂದಕ್ಕ ಹೋಗತೈತಿ. ನಾನು ಮೂಗನ್ನ ತಿರುವು ಮುರುವು ಒಯ್ದಿದ್ನೆವಾ!"

ಆದರೆ ತಲೆ ಮುಂದು ಮಾಡಿ ಹಾರುವುದು ಆ ವಯಸ್ಸಿನಲ್ಲಿ ಆಟವಲ್ಲ. "ಬ್ಯಾಡ್ರಿ ಸರ್, ಏನಾರ ಆದ್ರೆ ನಿಮ್ಮನೆ ಅಮ್ಮಾರಿಗೆ ನಾನೇನು ಹೇಳ್ಲಿ?" ಎಂದು ಅಪ್ಪ ಗೋಗರೆದ. ನಾನು ಅದನ್ನು ಕಲಿಸುವಂತೆಯೂ ಇರಲಿಲ್ಲ. ಹೆಣ್ಣುಮಕ್ಕಳು ಲಂಗ ಹಾರಿಸಿಕೊಂಡು ತಲೆಕೆಳಗಾಗಿ ಬೀಳಬಾರದು ಎಂದು ನಮ್ಮಜ್ಜಿ ಕಟ್ಟಪ್ಪಣೆ ಮಾಡಿದ್ದಳು, ನಾನು ಒಮ್ಮೆಯೂ ಹಾಗೆ ಹಾರಿದವಳಲ್ಲ. ಸರ್ ಹುಡುಗರನ್ನೇ ಗುರು ಮಾಡಿಕೊಂಡರು. ಹೊಟ್ಟೆ ಅಡಿಯಾಗಿ ಬಿದ್ದು ಹೊಟ್ಟೆಯೆಲ್ಲ ಕೆಂಪಗಾಗುತ್ತಿತ್ತು. "ಹೊಟ್ಟಿಗೆ ಛಾವಣಿ ಇಲ್ಲ ನೋಡ್ರೋ" ಎಂದು ಸವರಿಕೊಳ್ಳುತ್ತಿದ್ದರು.

ಮುಂದಿನ ಬೇಸಿಗೆ, ಬಾವಿ ಮತ್ತೆ ತುಂಬಿದಾಗ, ಕೆಳಗಿನ ಮೆಟ್ಟಿಲಿನಿಂದ ಕೈ ಚಾಚಿ ಬಾಗಿ ಹಾರಿದರು. ಈ ಸಲ ಶಬ್ದವೇ ಆಗಲಿಲ್ಲ. ನೀರು ಅವರನ್ನು ಒಳಗೆ ಕರೆದುಕೊಂಡಿತು. ಅಪ್ಪ ಹಾರಲು ಬನಿಯನ್ ಬಿಚ್ಚುತ್ತಿದ್ದ. ಅಷ್ಟರಲ್ಲಿ ಬಾವಿಯ ಆ ತುದಿಯಲ್ಲಿ ಮೂಗು ಎದ್ದಿತು, ಹಿಂದೆ ಸರ್. ಕಲ್ಲು ಹಿಡಿದು ನಿಂತು, ಮೂಗು ಮುಟ್ಟಿ ನೋಡಿಕೊಂಡು, ಒಂದು ಸಲ ಜೋರಾಗಿ ಉಸಿರು ಎಳೆದರು.

"ಹೋಗಿಲ್ಲ! ಹನೀನೂ ಹೋಗಿಲ್ಲ!"

ಆ ಕೂಗಿಗೆ ಬಾವಿಯ ಗೋಡೆಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ನಾನು ಚಪ್ಪಾಳೆ ತಟ್ಟುತ್ತಾ ಕುಣಿದುಬಿಟ್ಟೆ.

ಶಾಲೆ ತೆರೆದ ಮೇಲೆ, ನಿವೃತ್ತಿಗೆ ಸ್ವಲ್ಪ ಮೊದಲು, ಮಣ್ಣಿನ ಮುಖಗಳು ಬೀರುವಿನಿಂದ ಕೆಳಗಿಳಿದವು. ನಾನಾಗ ಕಾಲೇಜು ಸೇರಿದ್ದೆ, ಆದರೂ ಹೋಗಿ ಕಿಟಕಿಗೆ ಜೋತುಬಿದ್ದು ಕೇಳಿದೆ. ಕೊನೆಗೆ ಅವರು ಹೇಳಿದ್ದು ನೆನಪಿದೆ: "ಒಬ್ಬ ಮುದುಕನ ಮೂಗಿಗೆ ನೀರು ಹೋಗ್ಲಿಲ್ಲ ಅಂದಕೂಡ್ಲೆ ನಮ್ಮ ಹಿರೀಕರು ನೀರಾಗ ಇದ್ರು ಅಂತಲ್ಲ. ಅದಕ್ಕ ಹಳೇ ಎಲುಬು ಸಿಗಬೇಕು, ಸಿಕ್ಕಿಲ್ಲ. ನಾನು ನೋಡಿದ್ದು ಇಷ್ಟು."

ನಾನೀಗ ಗಂಡನ ಜೊತೆ ಹರಪನಹಳ್ಳಿಯಲ್ಲಿ ಔಷಧದಂಗಡಿ ನಡೆಸುತ್ತೇನೆ. ಸರ್ ನಿವೃತ್ತರಾಗಿ ಕೂಡ್ಲಿಗಿಯಲ್ಲಿ ಮಗನ ಮನೆಯಲ್ಲಿದ್ದರು. ಈ ಕಡೆ ಬಂದರೆ ಅಂಗಡಿಗೆ ಬಾರದೆ ಹೋಗುತ್ತಿರಲಿಲ್ಲ. ಮೂಗಿನ ಹನಿ ಕೇಳಿ ಬಂದ ಗಿರಾಕಿಗೆ ನಾನು ಬಾಟಲಿ ಕೊಡುವುದರೊಳಗೆ ಅವರು ಮೂಗಿನ ನಡುಗೋಡೆ, ಮೆತ್ತನೆಯ ಎಲುಬು ಎಲ್ಲವನ್ನೂ ವಿವರಿಸಿ ಮುಗಿಸುತ್ತಿದ್ದರು. ಕೊನೆಯ ಸಲ ಬಂದಾಗ ಬಹಳ ಸೊರಗಿದ್ದರು. ಮುಖ ಸಣ್ಣದಾಗಿತ್ತು, ಮೂಗು ಮಾತ್ರ ತನ್ನ ಜಾಗ ಬಿಟ್ಟುಕೊಟ್ಟಿರಲಿಲ್ಲ.

"ಶಾಂತಾ, ನೀನು ತಲಿ ಮುಂದು ಮಾಡಿ ಹಾರಿದ್ಯೇನವಾ?"

"ಇಲ್ರಿ ಸರ್. ಈಗ ಮಗಳೇ ಹಾರೋ ವಯಸ್ಸಿಗೆ ಬಂದಾಳೆ."

"ನಾನು ಮೊಮ್ಮಗನ್ನ ಕಂಡ ಮ್ಯಾಲ ಹಾರೀನಿ. ಹಾರಿ ಬಂದು ಹೇಳು. ನೀರು ಹೋದ್ರ ಹೋತು ಅನ್ನು. ನನಗ ಖುಷಿ ಆಗ್ಲಿ ಅಂತ ಸುಳ್ಳು ಹೇಳಬ್ಯಾಡ."

ಬಸ್ಸಿನ ಕಿಟಕಿಯಿಂದ ಕೈಬೀಸಿದರು. ಬಸ್ಸು ತಿರುಗುವ ತನಕ ಆ ಮೂಗು ಕಾಣುತ್ತಿತ್ತು. ಮಳೆಗಾಲ ಮುಗಿಯುವುದರೊಳಗೆ ಅವರ ಮಗ ಫೋನು ಮಾಡಿ, ಸರ್ ಹೋಗಿಬಿಟ್ಟರು ಎಂದ.

ಈ ಬೇಸಿಗೆ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಅಪ್ಪ ಬಾವಿ ತುಂಬಿಸಿದ್ದ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಸರ್ ನಿಂತಿದ್ದ ಮೆಟ್ಟಿಲ ಮೇಲೆ ನಿಂತೆ. ಕೈ ಚಾಚಿ, ಬಾಗಿ, ಹಾರಿದೆ. ನೀರು ಹಣೆಯ ಮೇಲೆ, ಮೂಗಿನ ದಿಬ್ಬದ ಮೇಲೆ ಹರಿದು ಹಿಂದಕ್ಕೆ ಹೋದದ್ದು ಗೊತ್ತಾಯಿತು. ಮೇಲೆ ಬಂದು ಉಸಿರೆಳೆದೆ. ಮೂಗಿನ ಒಳಗೆ ಒಂದು ಹನಿಯೂ ಇರಲಿಲ್ಲ.

"ಹೋಗ್ಲಿಲ್ಲ ರೀ ಸರ್!" ಎಂದು ಕೂಗುತ್ತಾ ಮೆಟ್ಟಿಲ ಕಡೆ ತಿರುಗಿದೆ. ಅಲ್ಲಿ ಮಗಳು ಟವೆಲ್ ಹಿಡಿದು ನಿಂತಿದ್ದಳು.

ನಾನು ಮೆಟ್ಟಿಲು ಹತ್ತಿ ಮೂಗು ಒರೆಸಿಕೊಂಡೆ. ಮತ್ತೆ ಒರೆಸಿಕೊಂಡೆ.

"ನೀರು ಹೋಯ್ತಾ ಅಮ್ಮಾ?"

"ಬಾವಿ ನೀರು ಹೋಗಿಲ್ಲ" ಅಂದೆ. "ಅಳುವಾಗ ಮೂಗು ಯಾಕೆ ಸೋರ್ತತೆ, ಅದನ್ನ ಮೊದ್ಲು ಹೇಳು ನೋಡಾನ."