ಎರಡನೇ ಸಾಲಿಗೆ ಬಿದ್ದ ‘ಬನ್ನಿ’

ನಮ್ಮ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರಿಗೆ ನಾವು ಇಟ್ಟಿದ್ದ ಹೆಸರು ‘ಒತ್ತಕ್ಷರ’. ಮೂವತ್ತೆಂಟು ವರ್ಷ ಕೆಂಪು ಪೆನ್ನು ಹಿಡಿದ ಮನುಷ್ಯ. ಔಷಧಿ ಅಂಗಡಿಯ ಚೀಟಿಯಲ್ಲಿ ಒತ್ತು ತಪ್ಪಿದ್ದರೂ ತಿದ್ದಿ ವಾಪಸು ಕೊಡುವರು. ನಾನು ಅಲ್ಲಿ ಬೈಂಡಿಂಗ್ ಕೆಲಸದವಳು, ಅವರ ಪಕ್ಕದ ಮನೆಯವಳು ಕೂಡ. ನಾನು ಬಾಯಿ ಬಿಟ್ಟರೆ ತಪ್ಪು ಹುಡುಕುತ್ತಾರೆಂದು ಅವರ ಮೇಲೆ ನನಗೆ ಸಿಟ್ಟಿತ್ತು. ಆ ಸಿಟ್ಟನ್ನು ಈಗ ಎಲ್ಲಿಡಬೇಕೋ ತಿಳಿಯದು.

ಆಸ್ಪತ್ರೆಯಿಂದ ಒಂದು ಕರಪತ್ರ ಅಚ್ಚಿಗೆ ಬಂದಿತ್ತು. ‘ನಾಯಿ ಕಚ್ಚಿದರೆ, ಗೀರಿದರೆ, ಗಾಯ ನೆಕ್ಕಿದರೆ ತಕ್ಷಣ ಬನ್ನಿ.’ ದಪ್ಪಕ್ಷರದಲ್ಲಿ ಕೂರಿಸಿದಾಗ ‘ಬನ್ನಿ’ ಮಾತ್ರ ಎರಡನೇ ಸಾಲಿಗೆ ಬಿತ್ತು. ಕೊನೆಯ ಸಾಲಿನಲ್ಲಿ ಒಂದೇ ಪದ ಉಳಿದರೆ ಒತ್ತಕ್ಷರಕ್ಕೆ ಊಟ ಸೇರುತ್ತಿರಲಿಲ್ಲ. ‘ಗಾಯ ನೆಕ್ಕಿದರೆ’ ಎಂಬುದನ್ನು ಹೊಡೆದು ಹಾಕಿದರು.

“ಆಸ್ಪತ್ರೆಯವರನ್ನ ಒಂದು ಮಾತು ಕೇಳಿ ಮೇಷ್ಟ್ರೇ,” ಅಂದೆ.

“ನೆಕ್ಕಿದ್ರೆ ಏನಾಗತ್ತಮ್ಮ? ನಾಯಿ ಪ್ರೀತಿಗೆ ನೆಕ್ಕತ್ತೆ. ನೀನು ಕಾಗದ ಮಡಿಸು.”

ಮಡಿಸಿದೆ. ಐದು ಸಾವಿರ ಪ್ರತಿ. ಒಂದನ್ನು ಅವರೇ ಮನೆಗೆ ಒಯ್ದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದರು. ಅವರ ಜೊತೆಗಿದ್ದವರು ಮಗಳು ಮತ್ತು ಆರು ವರ್ಷದ ಮೊಮ್ಮಗಳು.

ಎರಡು ತಿಂಗಳ ಮೇಲೆ ಒಂದು ಸಂಜೆ ನಾನು ಅವರ ಮನೆಯಲ್ಲಿ ಮಾತಾಡುತ್ತಾ ಕುಳಿತಿದ್ದೆ. ಮಗಳು ತರಕಾರಿ ಹೆಚ್ಚುತ್ತಾ ಅಂದಳು, “ಓಣಿಯ ನಾಯಿಮರಿ ನಿನ್ನೆ ಸತ್ತುಹೋಯ್ತಪ್ಪ. ಜೊಲ್ಲು ಸುರಿಸ್ಕೊಂಡು ಗೋಡೆ ಕಚ್ತಾ ಇತ್ತಂತೆ. ಪಾಪ, ಒಂಬತ್ತು ದಿನದ ಹಿಂದೆ ಇವಳು ಬಿದ್ದು ಮಂಡಿ ತರಚಿಕೊಂಡಾಗ ಅದೇ ಬಂದು ನೆಕ್ಕಿತ್ತು.”

ಒತ್ತಕ್ಷರ ಮೊಮ್ಮಗಳ ಮಂಡಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ?”

“ಕಚ್ಚಿಲ್ವಲ್ಲ! ನಿಮ್ಮ ಕಾಗದ ನೋಡೇ ಸುಮ್ಮನಾದೆ.”

ಅವರು ಚಪ್ಪಲಿಯನ್ನೂ ಮೆಟ್ಟದೆ ಮಗುವನ್ನು ಹೊತ್ತು ಓಡಿದರು. ಹಿಂದೆ ನಾವಿಬ್ಬರೂ ಓಡಿದೆವು.

ಡಾಕ್ಟರು ಮಂಡಿಯ ಒಣಗಿದ ಗಾಯವನ್ನು ಸೋಪು ಹಚ್ಚಿ ತೊಳೆಸಿ, ಅದರ ಸುತ್ತ ಸೂಜಿ ಚುಚ್ಚಿದರು, ತೋಳಿಗೂ ಚುಚ್ಚಿದರು. ಮಗು ಕಿರುಚಿದಷ್ಟೂ ತಾತ ಕುಗ್ಗುತ್ತಾ ಹೋದರು. ಕೊನೆಗೆ ತಪ್ಪೊಪ್ಪಿಕೊಂಡು, “ನೆಕ್ಕಿದ್ದಕ್ಕೆ ಹುಚ್ಚುನಾಯಿ ರೋಗ ಹೇಗೆ ಒಳಗೆ ಹೋಗತ್ತೆ?” ಎಂದು ಕೇಳಿದರು.

ಡಾಕ್ಟರು ಬೈಯಲಿಲ್ಲ. “ಜೊಲ್ಲಲ್ಲಿ ವೈರಸ್ ಇರತ್ತೆ. ಅದಕ್ಕೆ ಒಂದು ತೂತು ಸಾಕು, ತರಚು ಗಾಯವೂ ತೂತೇ. ವೈರಸ್ ಅಂದ್ರೆ ಬರೀ ಹಸ್ತಪ್ರತಿ ಅಂದ್ಕೊಳ್ಳಿ, ಮೇಲೊಂದು ರಟ್ಟು. ಸ್ವಂತ ಪ್ರೆಸ್ಸಿಲ್ಲ. ನಮ್ಮ ಜೀವಕೋಶಕ್ಕೆ ನುಗ್ಗಿ, ಅದರ ಕೈಲೇ ತನ್ನ ಪ್ರತಿ ಅಚ್ಚು ಹಾಕಿಸ್ಕೊಳ್ಳತ್ತೆ. ಆಮೇಲೆ ನರ ಹಿಡಿದು ಮೆಲ್ಲಗೆ ಮಿದುಳಿಗೆ ಹತ್ತತ್ತೆ.”

“ಒಳಗೆ ಪ್ರೂಫ್ ನೋಡೋರು ಯಾರೂ ಇಲ್ವಾ?”

“ಇದಾರೆ. ಈ ತಪ್ಪನ್ನ ಅವರು ಹಿಂದೆ ಕಂಡಿಲ್ಲ. ಲಸಿಕೆ ಅದನ್ನ ತೋರಿಸಿಕೊಡತ್ತೆ. ಕಲಿಯೋಕೆ ಅವರಿಗೆ ದಿನಗಳು ಬೇಕು. ಅದಕ್ಕೆ ಈ ಓಟ. ಅದು ಮಿದುಳು ಮುಟ್ಟಿ, ನೀರು ಕಂಡ್ರೆ ಗಂಟಲು ಹಿಡಿಯೋಕೆ ಶುರುವಾದ್ರೆ, ನನ್ನ ಕೈಲೂ ಏನಿಲ್ಲ. ಮೂರು ತಿಂಗಳು ಹಾಗೇನೂ ಆಗದೆ ಕಳೆದ್ರೆ ಹೆಚ್ಚುಕಡಿಮೆ ಗೆದ್ದ ಹಾಗೆ.”

ಮಾರನೆಯ ದಿನ ಒತ್ತಕ್ಷರ ಯಜಮಾನರ ಮುಂದೆ ನಿಂತು ಎಲ್ಲ ಹೇಳಿ, ಕರಪತ್ರವನ್ನು ಮತ್ತೆ ಅಚ್ಚು ಹಾಕಿಸಿದರು. ‘ಗಾಯ ನೆಕ್ಕಿದರೆ’ ಮರಳಿ ಬಂತು, ‘ಬನ್ನಿ’ ಎರಡನೇ ಸಾಲಿಗೆ ಬಿತ್ತು. ಅವರು ಅದನ್ನು ಮುಟ್ಟಲಿಲ್ಲ. ಕೆಲಸ ಮುಗಿದ ಮೇಲೆ ಮನೆಮನೆಗೆ ಹೋಗಿ ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿದರು, “ನಾಯಿ ನೆಕ್ಕಿತ್ತಾ?” ಎಂದು ಎಲ್ಲರನ್ನೂ ಕೇಳಿದರು. ಕೆಲವರು ತಲೆ ಕೆಟ್ಟಿದೆ ಅಂದರು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನಾನೂ ಒಂದು ದಿನ ಅಂದುಬಿಟ್ಟೆ. ಅವರು ತಲೆ ತಗ್ಗಿಸಿದರು. ಯಾಕಾದರೂ ಅಂದೆನೋ.

ದಿನಾ ಬೆಳಿಗ್ಗೆ ಮೊಮ್ಮಗಳ ಕೈಗೆ ಒಂದು ಲೋಟ ನೀರು ಕೊಟ್ಟು, ಅವಳ ಗಂಟಲನ್ನೇ ನೋಡುತ್ತಾ ಕೂರುವರು. ಲೋಟ ಬರಿದಾದ ಮೇಲೆಯೇ ಪ್ರೆಸ್ಸಿಗೆ ಹೊರಡುವುದು.

ಸೂಜಿ ಹಾಕಿಸಿ ಇಂದು ಎಪ್ಪತ್ತೊಂದನೇ ದಿನ. ನಾನು ಅವರನ್ನು ಕರೆಯಲು ಹೋದಾಗ ಮಗು ಲೋಟವನ್ನು ದೂಡಿತು. “ಬೇಡ.”

ಒತ್ತಕ್ಷರ ಅವಳ ಮುಂದೆ ಮಂಡಿಯೂರಿ ಗಲ್ಲ ಹಿಡಿದರು. ಮಗಳು ಬಾಗಿಲು ಹಿಡಿದುಕೊಂಡಳು.

“ಯಾಕೆ ಪುಟ್ಟಿ? ಗಂಟಲು ನೋವಾ?” ಎಂದರು ತಾತ.

“ದಿನಾ ನಾನೇ ಕುಡೀಬೇಕಾ? ಇವತ್ತು ನೀನು ಕುಡಿ ತಾತ.”

ಅವರು ಲೋಟ ಎತ್ತಿ ಬಾಯಿ ತುಂಬ ನೀರು ಹಾಕಿಕೊಂಡರು. ಅದು ಒಳಗೆ ಇಳಿಯಲಿಲ್ಲ. ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಹಾಗೇ ಕುಳಿತರು.

“ನುಂಗು ತಾತ, ಏನೂ ಆಗಲ್ಲ,” ಎಂದು ಅವಳು ಅವರ ಬೆನ್ನು ಸವರಿದಳು. ಆಮೇಲೆ ಲೋಟ ಕಿತ್ತುಕೊಂಡು, ಹೇಗೆ ಕುಡಿಯಬೇಕೆಂದು ತೋರಿಸಲು ಉಳಿದ ನೀರನ್ನು ಗಟಗಟ ಕುಡಿದಳು.