ಖಾಲಿ ಡಿಸ್ಕಿನಲ್ಲಿ ಮಂಗಟ್ಟೆ ಹಕ್ಕಿ

“ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ. ಈಗ ಮಾಡಬೇಕೆ?”

ಹಾನುಬಾಳಿನ ನಮ್ಮನೆ ಕಂಪ್ಯೂಟರ್ ಕಳೆದ ವಾರ ಇಂಗ್ಲಿಷಿನಲ್ಲಿ ಹೀಗೆ ಕೇಳಿತು. ಚಿಕ್ಕಪ್ಪ ನನ್ನ ಮುಖ ನೋಡಿದರು. “ಏನಂತೆ ಅದರದ್ದು?”

“ಒಳಗೆ ಏನೂ ಇಲ್ವಂತೆ. ಹೂಂ ಅಂದ್ರೆ ಪೂರ್ತಿ ಚೊಕ್ಕ ಮಾಡ್ಕೊಡುತ್ತಂತೆ.”

“ಏನೂ ಇಲ್ಲ ಅಂದ್ಮೇಲೆ ಚೊಕ್ಕ ಮಾಡೋದು ಏನನ್ನ ಮಾರಾಯ?”

(ಕಾಲೇಜಿನಲ್ಲಿ ಡಿಬೇಟ್ ಮಾಡುತ್ತಿದ್ದೆ. ಎದುರು ಟೀಮಿನವರು ಯಾರೂ ಇಷ್ಟು ಚೆನ್ನಾಗಿ ಅಡ್ಡಗಾಲು ಹಾಕಿರಲಿಲ್ಲ.)

ವಿಷಯ ಇಷ್ಟು. ನಮ್ಮ ತೋಟದ ಕೆಳಗಿನ ಮೂಲೆಯಲ್ಲಿ ಒಂದು ಧೂಪದ ಮರವಿದೆ. ಹಳೆಯದು, ನಡುವೆ ದೊಡ್ಡ ಪೊಟರೆ. ಗಾಳಿಗೆ ಬಿದ್ದರೆ ಕಾಫಿ ಗಿಡಗಳೆಲ್ಲ ಹೋದವು ಎನ್ನುವುದು ಅಪ್ಪನ ವಾದ. ಕಡಿಸಿ ಸಿಲ್ವರ್ ಓಕ್ ನೆಡಬೇಕು. ಪೊಟರೆಗೆ ಮಂಗಟ್ಟೆ ಹಕ್ಕಿ ವಾಪಸ್ ಬಂದಿದೆ ಎನ್ನುವುದು ಚಿಕ್ಕಪ್ಪನ ವಾದ. ಗೊತ್ತಲ್ಲ, ಆ ಭಾರೀ ಕೊಕ್ಕಿನ ಹಕ್ಕಿ? ಹಾರಿದರೆ ರೆಕ್ಕೆಯಿಂದ ರೈಲು ಏದುಸಿರು ಬಿಟ್ಟಂಥ ಸದ್ದು. ನಮ್ಮ ಕಡೆ ಅದನ್ನು ಕಂಡವರೇ ಇಲ್ಲದೆ ಎಷ್ಟೋ ಕಾಲವಾಗಿದೆ. ಕಂಡವರು ಚಿಕ್ಕಪ್ಪ ಒಬ್ಬರೇ. ಕಂಡದ್ದೂ ಮಂಜಿನಲ್ಲಿ.

“ಶನಿವಾರ ಮರ ಕಡಿಯೋರು ಬರ್ತಾರೆ. ಅಷ್ಟರೊಳಗೆ ತೋರ್ಸು, ಇಲ್ಲ ಕೇಳ್ಸು. ಮರ ಬಿಡ್ತೀನಿ,” ಎಂದರು ಅಪ್ಪ. ನ್ಯಾಯವಾದ ಮಾತೇ.

ಕೇಳಿಸಲು ಒಂದು ದಾರಿಯಿತ್ತು. ಚಿಕ್ಕಪ್ಪ ಹಕ್ಕಿ ಕಂಡ ಆ ದಿನಗಳಲ್ಲೇ ಹಕ್ಕಿಗಳ ಬಗ್ಗೆ ಓದುತ್ತಿದ್ದ ಹೊರದೇಶದ ಹುಡುಗನೊಬ್ಬ ನಮ್ಮಲ್ಲಿ ಉಳಿದು, ಅದೇ ಮರದ ಬುಡದಲ್ಲಿ ರೆಕಾರ್ಡರ್ ಇಟ್ಟಿದ್ದ. ಹೋಗುವಾಗ ಎಲ್ಲವನ್ನೂ ಒಂದು ಹಾರ್ಡ್ ಡ್ರೈವ್‌ಗೆ ತುಂಬಿ ಚಿಕ್ಕಪ್ಪನ ಕೈಗಿಟ್ಟಿದ್ದ. ಈಗ ಮೇಲ್ ಹಾಕಿದರೆ ಉತ್ತರವಿಲ್ಲ.

ಡ್ರೈವ್ ಮೊದಲು ಟಿಕ್ ಟಿಕ್ ಎಂದು ಸುಮ್ಮನಾಯಿತು. ಸಿಪಿಯು ಹಿಂದಿನ ಪೋರ್ಟಿಗೆ ಚುಚ್ಚಿದೆ. ಲೈಟ್ ಬಂತು. ಜೊತೆಗೆ ಆ ವಿನಯವಂತ ಪ್ರಶ್ನೆಯೂ ಬಂತು.

ಸಕಲೇಶಪುರದ ಬ್ರೌಸಿಂಗ್ ಸೆಂಟರಿಗೆ ಹೋದೆವು. ಕೇಬಲ್ ಬದಲಿಸಿದರು, ರೀಸ್ಟಾರ್ಟ್ ಮಾಡಿದರು. ಅಲ್ಲೂ ಅದೇ ಪ್ರಶ್ನೆ.

“ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗ್ಬುಡುತ್ತೆ ಬಿಡಿ ಸಾರ್,” ಎಂದು ಓನರ್ ಮೌಸ್ ಸರಿಸಿದ. ಚಿಕ್ಕಪ್ಪ ಅವನ ಮಣಿಕಟ್ಟು ಹಿಡಿದುಕೊಂಡರು.

“ಸರಿ ಹೋಗೋದು ನಿನ್ನ ಡಬ್ಬ ಕಣಯ್ಯ. ನನ್ನ ಹಕ್ಕಿ?”

ತನಗೆ ಓದಲು ಬಾರದ್ದನ್ನು ಖಾಲಿ ಎನ್ನುವುದು, ಮರುಕ್ಷಣವೇ ಅಳಿಸಲೇ ಎಂದು ಕೇಳುವುದು. ಯಂತ್ರವನ್ನು ಬೈಯುವುದೇಕೆ? ಆಫೀಸುಗಳಲ್ಲಿ, ಮನೆಗಳಲ್ಲಿ, ನಾವು ಮಾಡುವುದೂ ಇದನ್ನೇ ಅಲ್ಲವೆ? ಯಂತ್ರ ಕನಿಷ್ಠ ಪರ್ಮಿಶನ್ನಾದರೂ ಕೇಳುತ್ತದೆ.

ಕೊನೆಗೆ ಆನೇಮಹಲ್ ಹತ್ತಿರದ ಹೋಂಸ್ಟೇ. ಅದು ಚಿಕ್ಕಪ್ಪನ ಸ್ನೇಹಿತರದ್ದು. ಅಲ್ಲಿಗೆ ಬಂದಿದ್ದ ಬೆಂಗಳೂರಿನ ಹುಡುಗಿಯೊಬ್ಬಳ ಬಳಿ ಬಿಳಿ ಮ್ಯಾಕ್ ಲ್ಯಾಪ್‌ಟಾಪ್ ಇತ್ತು. ಚುಚ್ಚಿದ್ದೇ ತಡ, ಫೈಲುಗಳು ಸಾಲಾಗಿ ಎದ್ದು ಕೂತವು.

“ಇದು ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆಗಿರೋ ಡ್ರೈವ್ ಅಂಕಲ್. ವಿಂಡೋಸ್‌ಗೆ ಇದರ ಭಾಷೆ ಬರಲ್ಲ, ಅಷ್ಟೆ,” ಎಂದಳು ಹುಡುಗಿ.

ಚಿಕ್ಕಪ್ಪ ಹಕ್ಕಿ ಕಂಡೆ ಎಂದ ದಿನದ ಫೈಲ್ ಹಾಕಿದಳು. ಮೊದಲು ಕೇಳಿಸಿದ್ದು ಮಂಜು. ಮಂಜಿಗೆ ಸದ್ದುಂಟೆ? ಉಂಟು. ಮೇಲಿನ ಎಲೆಯಿಂದ ಕೆಳಗಿನ ಎಲೆಗೆ, ಅಲ್ಲಿಂದ ಕಾಫಿ ಗಿಡಕ್ಕೆ, ಅಲ್ಲಿಂದ ನೆಲಕ್ಕೆ ಅದು ಇಳಿಯುತ್ತದೆ. ಒಂದೊಂದು ಹನಿಯೂ ಬೀಳಲೋ ಬೇಡವೋ ಎಂದು ಯೋಚಿಸುವಂತಿತ್ತು. ಎಲ್ಲೋ ದೂರದಲ್ಲಿ ಒಂದು ಹುಂಜ, ನೀರಿನೊಳಗಿನಿಂದ ಕೂಗಿದ ಹಾಗೆ. ನನ್ನ ಕಣ್ಣು ಮುಚ್ಚಿತ್ತು. ತೋಟವೇ ಉಸಿರಾಡುತ್ತಿತ್ತು, ನಾನು ಅದರೊಳಗೆಲ್ಲೋ ಇದ್ದೆ. ಆಗ ಬಹಳ ಎತ್ತರದಲ್ಲಿ ಏನೋ ಮಂಜನ್ನು ಸೀಳುತ್ತ ಬರತೊಡಗಿತು. ಹುಶ್... ಹುಶ್...

“ಬಂತು. ಬಂತು ಕಣೋ. ಸದ್ದು ಮಾಡ್ಬೇಡ, ಸದ್ದು ಮಾಡ್ಬೇಡ.”

ಫೈಲಿನೊಳಗಿಂದ ಚಿಕ್ಕಪ್ಪನದೇ ಪಿಸುದನಿ. ಮೈಕಿಗೆ ತೀರಾ ಹತ್ತಿರ. ಅದು ನಿಲ್ಲುವಷ್ಟರಲ್ಲಿ ಮತ್ತೆ ಬರೀ ಹನಿ.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. “ರಸ್ತೆಯಲ್ಲಿ ಜೀಪ್ ಹೋಗಿರ್ಬಹುದಲ್ವಾ ಚಿಕ್ಕಪ್ಪ?”

ಹುಡುಗಿ ಫೈಲುಗಳನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಡ್ರೈವ್ ಅಳಿಸಿ, ಎರಡೂ ಬಗೆಯ ಕಂಪ್ಯೂಟರುಗಳಿಗೆ ತಿಳಿಯುವಂತೆ ಫಾರ್ಮ್ಯಾಟ್ ಮಾಡಿ, ಎಲ್ಲವನ್ನೂ ತಿರುಗಿ ತುಂಬಿಕೊಟ್ಟಳು. ಆ ನೀಲಿ ಗೆರೆ ಓಡಿ ಮುಗಿಯುವ ತನಕ ಚಿಕ್ಕಪ್ಪ ಕಾಫಿ ಮುಟ್ಟಲಿಲ್ಲ.

ಶುಕ್ರವಾರ ಸಂಜೆ ಅಪ್ಪ ಕಂಪ್ಯೂಟರ್ ಮುಂದೆ ಕೂತು ಕೇಳಿದರು. ಹನಿ, ಹುಂಜ, ಹುಶ್, ಪಿಸುದನಿ.

“ಇನ್ನೊಂದ್ಸಲ ಹಾಕು.”

ಹಾಕಿದೆ.

“ಲೋ ಸೋಮ, ಆ ಫಾರಿನ್ ಹುಡುಗ ಪಕ್ಕದಲ್ಲಿದ್ನೇನೋ?” ಅಪ್ಪ ಚಿಕ್ಕಪ್ಪನನ್ನು ಕೇಳಿದರು.

“ಇಲ್ಲ ಅಣ್ಣ. ತಿಂಡಿಗೆ ಮನೆಗೆ ಬಂದಿದ್ದ.”

“ಕೂಲಿ ಲೈನಿನೋರು ಯಾರಾದ್ರೂ?”

“ಅಷ್ಟೊತ್ತಿಗೆ ಯಾರ್ ಬರ್ತಾರೆ? ನಾನೊಬ್ನೇ.”

“ಮತ್ತೆ ಸದ್ದು ಮಾಡ್ಬೇಡ ಅಂತ ಯಾರಿಗ್ ಹೇಳ್ತಿದ್ದೀಯ?”

ಚಿಕ್ಕಪ್ಪ ಕಿಟಕಿಯತ್ತ ತಿರುಗಿದರು. ಆಚೆ ತೋಟ ಆಗಲೇ ಕಾಣದಾಗಿತ್ತು.

“ನಂಗೇ ಕಣಣ್ಣ.”

ಅಪ್ಪ ಎದ್ದು ಫೋನ್ ಮಾಡಿದರು. “ನಾಳೆ ಬನ್ನಿ. ಕೆಳಗಿನ ಧೂಪದ ಮರ ಒಂದು ಬುಟ್ಬುಡಿ, ಬೇರೆ ಕೆಲ್ಸ ಐತೆ.”

ಇದು ಸಾಕ್ಷ್ಯವಲ್ಲ, ಗೊತ್ತು. ಯಾವ ಜಡ್ಜೂ ಇದಕ್ಕೆ ಮಾರ್ಕ್ಸ್ ಕೊಡುವುದಿಲ್ಲ. ಆ ಹುಶ್ ಜೀಪಿನದ್ದಲ್ಲ ಎಂದು ನಾನು ಇವತ್ತಿಗೂ ಪ್ರಮಾಣ ಮಾಡಲಾರೆ.

ಆದರೆ ಯಾರೂ ಇಲ್ಲದ ಕಡೆ ತನಗೆ ತಾನೇ ಸದ್ದು ಮಾಡಬೇಡ ಎಂದುಕೊಂಡ ಮನುಷ್ಯನ ಎದುರು ನಾನು ಯಾವ ಪಾಯಿಂಟ್ ಎತ್ತಲಿ?