ಕುದುರೆಯಿಂದ ಇಳಿದ ಗಂಡ

ಹೋದ ಶನಿವಾರ ನನ್ನ ಗಂಡ ಗೆದ್ದ ಮ್ಯಾಚನ್ನು ಎದುರಾಳಿಗಳನ್ನು ಕೂಗಿ ಕರೆದು ವಾಪಸ್ ಕೊಟ್ಟ.

ಕೂಗಿ ಕರೆದು ಅಂದೆ, ಗಮನಿಸಿ. ಅವರು ಆಗಲೇ ಸೋತೆವೆಂದು ಒಪ್ಪಿಕೊಂಡು, ಕೈಕುಲುಕಲು ನೆಟ್ ಕಡೆಗೆ ನಡೆದು ಬರುತ್ತಿದ್ದರು. ಇವನು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. (ಮನೆಯಲ್ಲಿ ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಾನೆ.)

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನನ್ನ ಗಂಡ ರಘು ಮಂಡ್ಯದವನು. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಕೆಲಸ. ಐವತ್ತು ದಾಟಿದೆ. ಮಂಡಿಗೊಂದು ಪಟ್ಟಿ, ಮೊಣಕೈಗೊಂದು ಪಟ್ಟಿ ಕಟ್ಟಿಕೊಂಡು ಶನಿವಾರ ಬಂತೆಂದರೆ ಟೆನಿಸ್ ಲೀಗಿಗೆ ಹೊರಡುತ್ತಾನೆ. ಅವನ ಡಬಲ್ಸ್ ಜೊತೆಗಾರ ಹಾಸನದ ಸುರೇಶ. ಇಬ್ಬರೂ ವರ್ಷಾನುಗಟ್ಟಲೆ ಜೊತೆಗೆ ಆಡಿದ್ದಾರೆ, ವರ್ಷಾನುಗಟ್ಟಲೆ ಜೊತೆಗೆ ಸೋತಿದ್ದಾರೆ. ಈ ಸಲ ಹೇಗೋ ಫೈನಲ್ ಮುಟ್ಟಿದ್ದರು. ಆದರೆ ಸುರೇಶನಿಗೆ ಟೆಕ್ಸಸ್‌ಗೆ ವರ್ಗವಾಗಿದೆ. ಮನೆಯ ಸಾಮಾನೆಲ್ಲ ಆಗಲೇ ರಟ್ಟಿನ ಡಬ್ಬಗಳಲ್ಲಿದೆ. ಇದು ಇಬ್ಬರೂ ಒಟ್ಟಿಗೆ ಆಡುವ ಕೊನೆಯ ಲೀಗ್ ಮ್ಯಾಚು. "ಒಂದ್ ಕಪ್ ಆದ್ರೂ ಎತ್ಕೊಂಡು ಹೋಗ್ಬೇಕು ಕಣೋ" ಎಂದು ಸುರೇಶ ವಾರವಿಡೀ ಜಪ ಮಾಡುತ್ತಿದ್ದ.

ಅದೇ ವಾರ ನಾನು ಬೇರೆ ಲೋಕದಲ್ಲಿದ್ದೆ. ನಮ್ಮ ಲೈಬ್ರರಿಯಲ್ಲಿ ಒಂದು ಓದುಕೂಟ ಇದೆ. ಈ ಋತುವಿನಲ್ಲಿ ಅಲ್ಲಿ ಓದುತ್ತಿರುವುದು ಯುರೋಪಿನ ಮಧ್ಯಯುಗದ ಕಾವ್ಯಗಳನ್ನು. ನೈಟ್ ಎನ್ನುವ ಕುದುರೆ ಸವಾರ ವೀರರು, ಕೋಟೆಗಳು, ಕೊಟ್ಟ ಮಾತು, ಕೆಟ್ಟ ಮಾಟಗಾರರು. ನಡೆಸಿಕೊಡುವವರು ನಿವೃತ್ತ ಇಂಗ್ಲಿಷ್ ಟೀಚರ್ ಒಬ್ಬರು. ಕಬ್ಬಿಣದ ಅಂಗಿ ತೊಟ್ಟ ಗಂಡಸರು ಕಾಡಿನಲ್ಲಿ ಅಲೆದಾಡುವ ಕಥೆಯಲ್ಲಿ ನನಗೇನು ಕೆಲಸ ಎಂದುಕೊಂಡೇ ಹೋಗಿದ್ದೆ. (ಅಲ್ಲಿ ಕಾಫಿ ಚೆನ್ನಾಗಿರುತ್ತದೆ, ಅದೂ ಒಂದು ಕಾರಣ.)

ಆ ಕಾವ್ಯಗಳಲ್ಲಿ ಒಂದು ಕಟ್ಟಳೆ ಇದೆ. ಎದುರಾಳಿ ಕುದುರೆಯಿಂದ ಕೆಳಗೆ ಬಿದ್ದರೆ ಒಳ್ಳೆಯ ನೈಟ್ ತಾನೂ ಕುದುರೆಯಿಂದ ಇಳಿಯುತ್ತಾನೆ. ಬಿದ್ದವನು ಎದ್ದು ನಿಲ್ಲುವ ತನಕ ಕಾಯುತ್ತಾನೆ. ಆಮೇಲೆ ಮತ್ತೆ ಕತ್ತಿ. ನಾನು ಕೈ ಎತ್ತಿ ಕೇಳಿದೆ, "ಇದು ಶುದ್ಧ ದಡ್ಡತನ ಅಲ್ಲವೇ?" ಫ್ರೀವೇಯಲ್ಲಿ ಇಂಡಿಕೇಟರ್ ಹಾಕಿದವನಿಗೂ ಜಾಗ ಬಿಡದ ಊರು ನಮ್ಮದು. ಬಿದ್ದವನಿಗಾಗಿ ಕುದುರೆಯಿಂದ ಇಳಿಯುವವರು ಯಾರು?

ಟೀಚರ್ ನಕ್ಕರು. "ಹೋರಾಟ ನೈಟ್‌ನ ಪರೀಕ್ಷೆಯೇ ಅಲ್ಲ" ಎಂದರು. ಡ್ರ್ಯಾಗನ್ ಬಂದರೆ ಪರೀಕ್ಷೆ ಬಂತೆಂದು ಯಾರಿಗಾದರೂ ಗೊತ್ತಾಗುತ್ತದೆ. ಕತ್ತಿ ಹಿರಿಯುತ್ತಾರೆ. ನಿಜವಾದ ಪರೀಕ್ಷೆ ಅವನು ಯಾರದೋ ಮನೆಯಲ್ಲಿ ಊಟಕ್ಕೆ ಕೂತಾಗ, ನೀರು ಕುಡಿಯಲು ಬಗ್ಗಿದಾಗ, ಯಾರೂ ನೋಡದಿರುವಾಗ ಬರುತ್ತದಂತೆ. ಇದು ಪರೀಕ್ಷೆ ಎಂದು ಯಾರೂ ಅವನಿಗೆ ಹೇಳುವುದಿಲ್ಲ. ಮುಗಿದ ಮೇಲಷ್ಟೇ ಗೊತ್ತಾಗುವುದು.

ನನಗೆ ಊರಿನ ಕೆರೆ ಏರಿಯ ಮೇಲಿದ್ದ ವೀರಗಲ್ಲು ಕಣ್ಮುಂದೆ ಬಂತು. ಕೆಳಗಡೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಸ್ವರ್ಗ. ಕತ್ತಿ ಎತ್ತಿದ ಕೈಯನ್ನು ಶಿಲ್ಪಿ ಚೆನ್ನಾಗಿ ಕೆತ್ತಿದ್ದಾನೆ. ಆ ವೀರ ಯಾವತ್ತಾದರೂ ಒಬ್ಬನೇ ಇದ್ದಾಗ ಒಂದು ಕ್ಷಣ ಯೋಚಿಸಿ ಕೈ ಕೆಳಗಿಳಿಸಿದ್ದರೆ? ಅದಕ್ಕೆ ಕಲ್ಲು ನೆಡುವವರಿಲ್ಲ.

ಇರಲಿ, ಶನಿವಾರಕ್ಕೆ ಬರೋಣ. ಫಾಸ್ಟರ್ ಸಿಟಿಯಲ್ಲಿ ನೀರಿನ ಪಕ್ಕದ ಕೋರ್ಟು, ಬೆಳಗಿನಿಂದ ಬೀಸುಗಾಳಿ. ಈ ಲೀಗಿನಲ್ಲಿ ಆತಿಥೇಯ ತಂಡ ಎರಡೂ ಕಡೆಯವರಿಗೆ ಊಟ ತರಬೇಕು. ಈ ಸಲ ಆ ಸರದಿ ನಮ್ಮದು. ಹಾಗಾಗಿ ಒಂದು ದೊಡ್ಡ ಟ್ರೇ ತುಂಬ ಪುಳಿಯೋಗರೆ ಹಿಡಿದುಕೊಂಡು ನಾನೂ ಹೋಗಿದ್ದೆ. ನೆರಳು ಇದ್ದದ್ದು ಒಂದೇ ಮೂಲೆಯಲ್ಲಿ. ಬೇಲಿಗೆ ಒತ್ತಿಕೊಂಡು ಅಲ್ಲೇ ಕುರ್ಚಿ ಹಾಕಿಕೊಂಡೆ. ಎದುರಿಗೇ ಕೋರ್ಟಿನ ಹಿಂಬದಿಯ ಬಿಳಿ ಗೆರೆ.

ಈ ಲೀಗಿನಲ್ಲಿ ಅಂಪೈರ್ ಇರುವುದಿಲ್ಲ. ನಿಮ್ಮ ಕಡೆ ಬಿದ್ದ ಚೆಂಡಿಗೆ ನೀವೇ ನ್ಯಾಯಾಧೀಶರು. ಒಳಗೋ ಹೊರಗೋ ನೀವೇ ಹೇಳಬೇಕು. ಅನುಮಾನ ಇದ್ದರೆ ಚೆಂಡು ಎದುರಾಳಿಯದು. ಬೇಲಿಯಾಚೆ ಕೂತವರು ತುಟಿ ಬಿಚ್ಚುವಂತಿಲ್ಲ. ಮೊದಲ ಸಲ ಕೇಳಿದಾಗ ನಂಬಲಿಲ್ಲ. ಗಲ್ಲಿ ಕ್ರಿಕೆಟ್ಟಿನಲ್ಲಿ ಔಟ್ ಎಂದು ಒಪ್ಪಿಕೊಂಡವನನ್ನು ನೀವು ನೋಡಿದ್ದೀರಾ?

ಕೊನೆಯ ಹಂತ. ಇನ್ನೊಂದೇ ಪಾಯಿಂಟ್ ಬಂದರೆ ನಮ್ಮವರಿಗೆ ಕಪ್. ಎದುರಾಳಿಗಳಲ್ಲಿ ಎತ್ತರದವನೊಬ್ಬ ಚೆಂಡನ್ನು ಆಕಾಶಕ್ಕೆತ್ತಿದ. ಗಾಳಿ ಅದನ್ನು ಅತ್ತಿತ್ತ ಆಡಿಸಿತು. ಸುರೇಶ ನೆಟ್ ಹತ್ತಿರ, ಬೆನ್ನು ತಿರುಗಿಸಿ ನಿಂತಿದ್ದ. ರಘು ಹಿಂದಕ್ಕೆ ಓಡಿದ. ಬಿಸಿಲಿಗೆ ಕಣ್ಣು ಕಿರಿದಾಯಿತು. ಚೆಂಡು ಗೆರೆಯ ಹತ್ತಿರ ಬಿತ್ತು, ಪುಟಿದು ಬೇಲಿಗೆ ಬಡಿಯಿತು.

ಹೊಡೆದವನೇ ಹೊರಗೆ ಬಿತ್ತೆಂದುಕೊಂಡು ತಲೆ ಆಡಿಸಿ "ನೈಸ್ ಮ್ಯಾಚ್" ಎನ್ನುತ್ತಾ ನೆಟ್ ಕಡೆಗೆ ಬಂದ. ಸುರೇಶ ಎರಡೂ ಕೈ ಮೇಲೆತ್ತಿದ. ನಾನೂ ಎದ್ದು ನಿಂತೆ.

ರಘು ಮಾತ್ರ ನೆಲ ನೋಡುತ್ತಾ ನಿಂತಿದ್ದ. ಆಮೇಲೆ ರಾಕೆಟ್ ಕೆಳಗಿಳಿಸಿ ಕೂಗಿ ಹೇಳಿದ, "ಸಾರಿ. ಐ ಡಿಡಂಟ್ ಸೀ ಇಟ್. ಯುವರ್ ಪಾಯಿಂಟ್."

ಎತ್ತರದವನು ಅರ್ಧ ದಾರಿಯಲ್ಲೇ ನಿಂತುಬಿಟ್ಟ. ಸುರೇಶನ ಕೈಗಳು ಇನ್ನೂ ಮೇಲೇ ಇದ್ದವು. "ಏನೋ ಇದು. ಅವ್ರೇ ಬಿಟ್ಟುಕೊಟ್ರಲ್ಲೋ" ಎಂದ. ರಘು, "ಅವ್ರು ಆ ಕಡೆಯಿಂದ ನೋಡ್ತಾರೆ. ಒಳಗೋ ಹೊರಗೋ ಹೇಳ್ಬೇಕಾದ್ದು ನಾನು. ನಂಗೆ ಕಾಣ್ಲಿಲ್ಲ ಕಣೋ" ಎಂದ.

ಮುಂದಿನ ಪಾಯಿಂಟುಗಳನ್ನು ಸೋತರು. ಕಪ್ ಹೋಯಿತು.

ಊಟಕ್ಕೆ ಕೂತಾಗ ಗೆದ್ದವರು ಪುಳಿಯೋಗರೆಯನ್ನು ಎರಡೆರಡು ಸಲ ಬಡಿಸಿಕೊಂಡರು. ಎತ್ತರದವನು ರಘುವಿನ ಪಕ್ಕವೇ ಬಂದು ಕೂತ. ಸುರೇಶ ತಟ್ಟೆ ಮುಟ್ಟಲಿಲ್ಲ. ಯಾರಿಗೂ ಹೇಳದೆ ಹೊರಟುಹೋದ. ಮುಂದಿನ ವಾರ ಊರು ಬಿಡುವ ಗೆಳೆಯ ಹೀಗೆ ಹೋದ.

ಕಾರಿನಲ್ಲಿ ನಾನು ಬಾಯಿ ಬಿಡುವ ಮುಂಚೆ ರಘು ಕೇಳಿದ, "ನೀನು ಅಲ್ಲೇ ಕೂತಿದ್ದೆ. ನೋಡ್ದ್ಯಾ?"

"ನೋಡ್ದೆ."

"ಹೇಳ್ಬೇಡ."

"ಯಾಕೆ?"

ಕಾರನ್ನು ಫ್ರೀವೇಗೆ ಹತ್ತಿಸಿದ. "ಹೊರಗಿತ್ತು ಅಂದ್ರೆ ಸುರೇಶನ ಮುಖ ನೋಡಕ್ಕಾಗಲ್ಲ. ಒಳಗಿತ್ತು ಅಂದ್ರೆ ನಾನೇ ದೊಡ್ಡ ಮನುಷ್ಯ ಅನ್ಕೊಂಡ್ಬಿಡ್ತೀನಿ. ಎರಡೂ ಬೇಡ."

ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆಯುವ ಮನುಷ್ಯ ಇವನು. ಫ್ರಿಜ್ಜಿನಲ್ಲಿ ಕಣ್ಣೆದುರಿಗಿರುವ ಮೊಸರು ಕಾಣುವುದಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇನೆ, ಇವನೊಳಗೆ ಇಂಥವನೊಬ್ಬ ಇದ್ದಾನೆಂದು ನನಗೆ ಯಾಕೆ ಗೊತ್ತಿರಲಿಲ್ಲ? ಪರೀಕ್ಷೆ ಎಂದು ಯಾರೂ ಹೇಳಲಿಲ್ಲ. ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಸುಮ್ಮನೆ ಹೋಗಿ ಕೈಕುಲುಕಿದ್ದರೆ ಯಾರು ಕೇಳುತ್ತಿದ್ದರು? ಲೈಬ್ರರಿಯಲ್ಲಿ ದಡ್ಡತನ ಎಂದಿದ್ದವಳು ನಾನೇ. ಬೆರಗಿನಿಂದ ಅವನ ಮುಖವನ್ನೇ ನೋಡುತ್ತಿದ್ದೆ. "ಏನು?" ಎಂದ. ನಾವು ಇಳಿಯಬೇಕಿದ್ದ ಎಕ್ಸಿಟ್ ತಪ್ಪಿಸಿಕೊಂಡಿದ್ದ.

ಬುಧವಾರ ಸುರೇಶನ ಫೋನು ಬಂತು. ರಘುವಿಗಲ್ಲ, ನನಗೆ.

"ಅತ್ತಿಗೆ, ನೀವು ಗೆರೆ ಹತ್ರನೇ ಕೂತಿದ್ರಿ. ಅವನಿಗೆ ಹೇಳಲ್ಲ. ನಂಗೊಬ್ಬನಿಗೆ ಹೇಳಿ. ಒಳಗಾ, ಹೊರಗಾ?"

ಆಗ ಗೊತ್ತಾಯಿತು, ಇದು ನನ್ನ ಸರದಿ. "ಒಳಗಿತ್ತು" ಎಂಬ ಒಂದು ಮಾತು ಸಾಕು, ಅವನ ಸಿಟ್ಟು ಇಳಿಯುತ್ತದೆ, ಗೆಳೆತನ ಉಳಿಯುತ್ತದೆ. ಆ ಮಾತು ನಿಜವೋ ಸುಳ್ಳೋ ಕೇಳಲು ಯಾರೂ ಇಲ್ಲ. ನಾಲಿಗೆಯ ತುದಿಗೆ ಬಂದಿತ್ತು.

"ನೋಡಿದೀನಿ ಸುರೇಶ್. ಆದ್ರೆ ಹೇಳಲ್ಲ" ಎಂದೆ. "ಇಷ್ಟು ವರ್ಷ ಅವನ ಪಕ್ಕ ನಿಂತು ಆಡಿದೀರ. ಕಾಣ್ಲಿಲ್ಲ ಅಂತ ಅವನಂದ. ಅಷ್ಟು ಸಾಲ್ದಾ?"

ಆ ಕಡೆ ಡಬ್ಬಕ್ಕೆ ಟೇಪ್ ಅಂಟಿಸುವ ಸದ್ದು. ಆಮೇಲೆ ಸುರೇಶ ಹೇಳಿದ, "ಶುಕ್ರವಾರ ಸಂಜೆ ಒಂದು ಕೋರ್ಟ್ ಬುಕ್ ಮಾಡಕ್ಕೆ ಹೇಳಿ ಅವನಿಗೆ. ರಾಕೆಟ್ ಇನ್ನೂ ಪ್ಯಾಕ್ ಮಾಡಿಲ್ಲ."

ಸುರೇಶ ಈ ಅಂಕಣ ಓದುತ್ತಾನೆ. ಕಾಫಿ ಲೋಟ ಹಿಡಿದು ನನ್ನ ಗಂಡನೂ ಓದುತ್ತಾನೆ. ಹಾಗಾಗಿ ಚೆಂಡು ಎಲ್ಲಿ ಬಿತ್ತೆಂದು ನನ್ನನ್ನು ಕೇಳಬೇಡಿ. ಆ ಗಾಳಿಯಲ್ಲಿ, ಆ ಗೆರೆಯ ಹತ್ತಿರ ನೀವು ನಿಂತಿದ್ದರೆ ಕೈಕುಲುಕಲು ಹೋಗುತ್ತಿದ್ದಿರೋ ಇಲ್ಲವೋ, ಅದನ್ನು ಹೇಳಿ.